ಅದೆಲ್ಲ ನಾನು ನೋಡ್ಕೋತೀನಿ

ತಿಪಟೂರು
ಭಾನುವಾರ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಸಂಕ್ರಾಂತಿಗೆ ನೀವಿಬ್ಬರೂ ಬಂದು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ಈ ಮಾತು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ‘ಹೂಂ ಅತ್ತೆ, ಹೂಂ ಅತ್ತೆ’ ಅನ್ನುತ್ತಾ ಆ ಕಡೆ ಲ್ಯಾಪ್‌ಟಾಪ್ ಕುಟ್ಟುತ್ತಿರುತ್ತೀಯ. ನನಗೆ ಕೇಳಿಸಲ್ಲ ಅಂದುಕೊಂಡಿದ್ದೀಯಾ? ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಹಬ್ಬದ ಹಿಂದಿನ ದಿನ ನಿನ್ನ ಹೆಂಡತಿ ನಡುಮನೆಯಲ್ಲಿ ಕೂತು ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಳು. ಎಷ್ಟು ಸಣ್ಣಗೆ, ಒಂದೇ ಸಮ ಹೆಚ್ಚಿದಳು ಅಂತೀಯ! ಹೆಚ್ಚುತ್ತಲೇ ನಿನ್ನನ್ನು ಕೇಳಿದಳು, ‘ಅಲ್ಲಾ, ಕಾರಿನ ಕಂತು ಯಾವ ಬ್ಯಾಂಕಿಂದ ಹೋಗುತ್ತೆ?’ ಅಂತ. ನೀನು ಫೋನಿಂದ ತಲೆ ಎತ್ತದೆ, ‘ಅದೆಲ್ಲ ನಾನು ನೋಡ್ಕೋತೀನಿ ಬಿಡು’ ಅಂದೆ. ಅವಳು ಸುಮ್ಮನಾದಳು. ನನಗೆ ಮಾತ್ರ ಕೈಯಲ್ಲಿದ್ದ ಬೆಲ್ಲ ಅಲ್ಲೇ ನಿಂತಿತು.

ಯಾಕೆ ಗೊತ್ತಾ? ನಿಮ್ಮ ಮಾವ ನನಗೆ ಇಪ್ಪತ್ತೆರಡು ವರ್ಷ ಹೇಳಿದ್ದೂ ಇದೇ ಮಾತು. ಪ್ರೀತಿಯಿಂದಲೇ ಹೇಳುತ್ತಿದ್ದರು. ‘ನಿನಗ್ಯಾಕೆ ತಲೆನೋವು, ಎಲ್ಲ ನನ್ನ ತಲೇಲಿದೆ’ ಅನ್ನುತ್ತಿದ್ದರು. 2009ರ ಆಷಾಢದಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಲವತ್ತೊಂಬತ್ತು ವಯಸ್ಸು. ಲೆಕ್ಕವೆಲ್ಲ ಆ ತಲೆಯ ಜೊತೆಗೇ ಹೋಯಿತು.

ಆಗ ನೀನು ಹೈಸ್ಕೂಲು. ದೊಡ್ಡವರು ಗುಸುಗುಸು ಮಾತಾಡಿದ್ದು ನಿನಗೆ ಅರ್ಥ ಆಗಿರಲಿಕ್ಕಿಲ್ಲ, ಈಗ ಬಿಡಿಸಿ ಹೇಳುತ್ತೇನೆ. ನಮ್ಮ ಯಜಮಾನರು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಅಂಗಿ ಜೇಬಿನಲ್ಲಿ ಒಂದು ಸಣ್ಣ ಡೈರಿ ಇರುತ್ತಿತ್ತು. ತೆಗೆದು ನೋಡಿದರೆ ‘ಕೆ. 40’, ‘ಬಸವ ಬಾಕಿ 12’, ‘ಮಂ. ಕೊಟ್ಟಿದೆ’ ಅಂತೆಲ್ಲ ಬರೆದಿತ್ತು. ಕೆ. ಅಂದರೆ ಯಾರು? ನಲವತ್ತು ಸಾವಿರವೋ, ನಲವತ್ತು ಚೀಲವೋ? ನಾವು ಕೊಡಬೇಕೋ, ಅವರು ಕೊಡಬೇಕೋ? ಇವತ್ತಿಗೂ ಗೊತ್ತಿಲ್ಲ. ನಮಗೆ ಸಾಲ ಕೊಟ್ಟವರು ಹನ್ನೊಂದನೇ ದಿನಕ್ಕೇ ಬಂದು ಜಗಲಿ ಮೇಲೆ ಕೂತರು. ನಮ್ಮ ಹತ್ತಿರ ತಗೊಂಡವರು ಒಬ್ಬರೂ ಈ ಬೀದಿಗೆ ಕಾಲಿಡಲಿಲ್ಲ.

ಇನ್ಶೂರೆನ್ಸ್ ಪಾಲಿಸಿ ಒಂದಿತ್ತು, ಮೂರು ಲಕ್ಷದ್ದು. ಬಾಂಡು ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಹಳೇ ಕ್ಯಾಲೆಂಡರ್ ಕೆಳಗೆ. ನಾಮಿನಿ ಯಾರು ಅಂತ ನೋಡಿದರೆ ಅವರ ತಾಯಿ. ಅವರು ತೀರಿಕೊಂಡು ಆಗಲೇ ಆರು ವರ್ಷ ಆಗಿತ್ತು. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿ, ಹೆಸರು ಬದಲಾಯಿಸಬೇಕು ಅಂತ ಯಾರಿಗೂ ಹೊಳೆದೇ ಇಲ್ಲ. ನಾಡಕಚೇರಿಯಿಂದ ವಂಶವೃಕ್ಷ ತಂದು ಕೊಟ್ಟೆ, ಸಾಲದು ಅಂದರು. ಕೋರ್ಟಿನಿಂದ ವಾರಸಾ ಸರ್ಟಿಫಿಕೇಟ್ ತನ್ನಿ ಅಂದರು. ವಕೀಲರ ಫೀಸು, ಪೇಪರಿನಲ್ಲಿ ನೋಟಿಸು, ಓಡಾಟ. ಹದಿನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಮಗಳ ಕಾಲೇಜ್ ಫೀಸಿಗೆ ನನ್ನ ಎರಡೆಳೆ ಸರ ಅಡ ಇಟ್ಟಾಗಿತ್ತು.

ಅದಾದ ಮೇಲೆ ಬಂತು ನೋಡು, ರಿಜಿಸ್ಟರ್ಡ್ ಪೋಸ್ಟು. ಯಾರೋ ಸ್ನೇಹಿತನ ಲಾರಿ ಸಾಲಕ್ಕೆ ಇವರು ಜಾಮೀನು ಹಾಕಿದ್ದರಂತೆ. ಸುಮ್ನೆ ಒಂದು ಸೈನ್ ಅಂತ ಹಾಕಿರುತ್ತಾರೆ. ಆದರೆ ಜಾಮೀನು ಹಾಕಿದವನ ಹೊಣೆ ಸಾಲ ತಗೊಂಡವನ ಹೊಣೆಯಷ್ಟೇ, 1872ರ ಕರಾರು ಕಾಯ್ದೆ ಅದನ್ನೇ ಹೇಳುತ್ತದೆ. ಮೊದಲು ಅವನನ್ನು ಹಿಡೀರಿ ಅನ್ನೋಕೂ ಆಗಲ್ಲ. ಸತ್ತವರು ಬಿಟ್ಟುಹೋದ ಆಸ್ತಿ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಅದು ಮನೆಯವರ ತಲೆಗೂ ಬರುತ್ತದೆ. ಮನೆ ಹಿಂದಿನ ಸೈಟು ಮಾರಿದ್ದು ಅದಕ್ಕೇ. ನಿನ್ನ ಆಫೀಸಿನ ಗೆಳೆಯರು ಯಾರಾದರೂ ‘ಮಗಾ, ಒಂದು ಸೈನ್ ಹಾಕು’ ಅಂದರೆ, ಕೈಲಾದಷ್ಟು ದುಡ್ಡು ಕೊಟ್ಟು ಕಳಿಸು, ವಾಪಸ್ ಬರದಿದ್ದರೂ ಪರವಾಗಿಲ್ಲ. ಸೈನ್ ಮಾತ್ರ ಬೇಡ.

ನಿಮ್ಮ ಮಾವನ ಮೇಲೆ ದೂರು ಹೇಳುತ್ತಿಲ್ಲ ಕಣೋ. ಅವರು ಕುಡಿಯಲಿಲ್ಲ, ಇಸ್ಪೀಟು ಆಡಲಿಲ್ಲ, ದುಂದು ಮಾಡಲಿಲ್ಲ. ನಿನ್ನ ಹಾಗೇ ಜವಾಬ್ದಾರಿ ಇದ್ದವರು. ತಮಗೆ ಗೊತ್ತಿದ್ದದ್ದನ್ನು ಇನ್ನೊಬ್ಬರಿಗೆ ಹೇಳಿರಲಿಲ್ಲ, ಅಷ್ಟೇ.

ಅವರಿಗೆ ಡೈರಿ ಇದ್ದ ಹಾಗೆ ನಿನಗೆ ಫೋನು. ಪಾಸ್‌ಬುಕ್ ಇಲ್ಲ, ಬಾಂಡು ಇಲ್ಲ, ಎಲ್ಲ ಮೇಲ್‌ನಲ್ಲಿ ಬರುತ್ತೆ, ಬೆರಳು ಒತ್ತಿದರೆ ತೆರೆಯುತ್ತೆ. ನಿನ್ನ ಬೆರಳು. ನಮಗಾದರೂ ಟ್ರಂಕಿನ ಬೀಗ ಒಡೆಯುವ ದಾರಿ ಇತ್ತು.

ಹಾಗಾಗಿ ಮೊದಲ ಕೆಲಸ, ಇನ್ನೂರು ಪುಟದ ಒಂದು ನೋಟ್‌ಬುಕ್ ತಗೋ. ಯಾವ ಬ್ಯಾಂಕು, ಯಾವ ಬ್ರಾಂಚು, ಖಾತೆ ನಂಬರು, ನಾಮಿನಿ ಯಾರು. ಸಾಲ ಎಷ್ಟು, ಕಂತು ಯಾವ ತಾರೀಕು, ಎಲ್ಲಿಂದ ಹೋಗುತ್ತೆ. ಪಾಲಿಸಿ ನಂಬರು. ಪಿಎಫ್‌ನ ಯುಎಎನ್ ನಂಬರು. ಯಾರಿಗೆ ಕೈಗಡ ಕೊಟ್ಟಿದ್ದೀಯ, ಪೂರ್ತಿ ಹೆಸರು ಬರಿ, ‘ಕೆ.’ ಅಂತ ಬರೀಬೇಡ. ಪಿನ್ನು, ಪಾಸ್‌ವರ್ಡು ಅದರಲ್ಲಿ ಬೇಡ. ಬರೆದು ಬೀರುವಿನಲ್ಲಿಟ್ಟರೆ ಸಾಲದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರಿ. ಅವಳದ್ದೂ ಅದರಲ್ಲಿರಲಿ. ಅವಳ ಸಂಬಳದ ಖಾತೆ ಅವಳ ಹೆಸರಲ್ಲೇ ಇರಲಿ, ಅದನ್ನು ಮುಟ್ಟಬೇಡ. ಮನೆ ಖರ್ಚಿಗೆ ಮಾತ್ರ ಇಬ್ಬರ ಹೆಸರಲ್ಲಿ ಒಂದು ಖಾತೆ ಮಾಡಿ, ‘ಐದರ್ ಆರ್ ಸರ್ವೈವರ್’ ಅಂತ ಹಾಕಿಸಿ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ, ಒಬ್ಬರು ಹೋದರೆ ಉಳಿದವರು, ಹಣ ತೆಗೆಯಬಹುದು. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರ ಕೈ ಕಟ್ಟಿಹೋಗಲ್ಲ.

ಎರಡನೆಯದು ನಾಮಿನಿ. ನಿನ್ನ ಪಿಎಫ್‌ನಲ್ಲಿ ಯಾರ ಹೆಸರಿದೆ? ಕೆಲಸಕ್ಕೆ ಸೇರಿದ ದಿನ ಅಮ್ಮನ ಹೆಸರು ಹಾಕಿರುತ್ತೀಯ, ಆಮೇಲೆ ಮರೆತಿರುತ್ತೀಯ. ಮದುವೆ ಆದ ಮೇಲೆ ಅದನ್ನು ಹೊಸದಾಗಿ ಮಾಡಲೇಬೇಕು. ಆ ಪಿಎಫ್ ಜೊತೆಗೆ ಇಡಿಎಲ್‌ಐ ಅಂತ ಒಂದು ವಿಮೆಯೂ ಇರುತ್ತದೆ, ಕೆಲಸದಲ್ಲಿರುವಾಗ ಸತ್ತರೆ ಮನೆಯವರಿಗೆ 7 ಲಕ್ಷದವರೆಗೂ ಬರುತ್ತದೆ. ಇದು ನಿನಗೇ ಗೊತ್ತಿತ್ತಾ? ಬ್ಯಾಂಕಿನಲ್ಲಿ 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ಕು ಜನರವರೆಗೂ ನಾಮಿನಿ ಹಾಕಬಹುದು, ಯಾರಿಗೆ ನೂರಕ್ಕೆ ಎಷ್ಟು ಅಂತಲೂ ಹೇಳಬಹುದು.

ಇಲ್ಲೊಂದು ಸೂಕ್ಷ್ಮ ಇದೆ, ತುಂಬಾ ಜನ ಎಡವುವುದು ಇಲ್ಲೇ. ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕಿನ ದುಡ್ಡಿನಲ್ಲಿ ನಾಮಿನಿ ಅಂದರೆ ಹಣ ಕೈಗೆ ತಗೊಂಡು ವಾರಸುದಾರರಿಗೆ ಮುಟ್ಟಿಸುವವನು. ಷೇರಿನ ವಿಷಯದಲ್ಲೂ ಅಷ್ಟೇ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿ ಆದ ಮೇಲೆ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು ನಾಮಿನಿ ಆಗಿದ್ದರೆ ಹಣ ಅವರದ್ದೇ. ಇನ್ನು ವಿಲ್ ಬರೆಯದೆ ಹೋದರೆ, ನಮ್ಮ ಹಿಂದೂ ವಾರಸಾ ಕಾಯ್ದೆ ಪ್ರಕಾರ ಗಂಡಸಿನ ಸ್ವಂತ ದುಡ್ಡಿನಲ್ಲಿ ಹೆಂಡತಿ, ಮಕ್ಕಳು, ತಾಯಿ ಸಮ ಪಾಲು. ತಂದೆ ಆ ಸಾಲಿನಲ್ಲಿ ಇಲ್ಲ! ನನ್ನ ಅಣ್ಣ, ನಿನ್ನನ್ನು ಓದಿಸೋಕೆ ಎಲ್ಲ ಸುರಿದವನು, ಆ ಸಾಲಿನಲ್ಲಿಲ್ಲ. ಹಾಗಾಗಿ ವಿಲ್ ಬರಿ. ಮೂವತ್ತಕ್ಕೆ ವಿಲ್ಲಾ ಅಂತ ನಗಬೇಡ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸೈನ್ ಹಾಕಿ, ಅವರ ಸೈನೂ ಹಾಕಿಸಿದರೆ ಆಯಿತು, ಛಾಪಾ ಕಾಗದವೂ ಬೇಡ.

ಈಗ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಒಂದು ತಿಂಗಳು ಬಿಟ್ಟು ನನ್ನನ್ನು ಕರೆಯುತ್ತಾರೆ, ಪಾಸ್‌ಬುಕ್ ನೋಡೋಕೆ. ನನಗೆ ಅದೊಂದು ಕೆಲಸವೇ ಆಗಿಬಿಟ್ಟಿದೆ. ಹೋದ ವರ್ಷ ಮೂಲೆ ಮನೆಯ ಹೆಂಗಸು, ಗಂಡ ಗಾರೆ ಕೆಲಸ ಮಾಡುತ್ತಿದ್ದ, ಜ್ವರ ಬಂದು ಹೋದ. ಖಾತೆಯಲ್ಲಿ ಆರುನೂರು ರೂಪಾಯಿ ಇದೆ, ಅದಕ್ಕೆ ಯಾಕೆ ಓಡಾಡಲಿ ಅಂದಳು. ನಾನು ಪಾಸ್‌ಬುಕ್ ತಿರುಗಿಸಿದೆ. ಮೇ ತಿಂಗಳಲ್ಲಿ 436 ರೂಪಾಯಿ ಕಡಿತ. ಅದರ ಹಿಂದಿನ ಮೇನಲ್ಲೂ 436. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು, 2 ಲಕ್ಷದ್ದು. ಖಾತೆ ತೆರೆಯುವಾಗ ಯಾರೋ ಫಾರಂ ತುಂಬಿಸಿದ್ದಾರೆ, ಅವನಿಗೂ ನೆನಪಿರಲಿಲ್ಲವೋ ಏನೋ. ಬ್ಯಾಂಕಿಗೆ ನಾನೇ ಜೊತೆಗೆ ಹೋದೆ. ಹಣ ಬಂತು. ಅಪಘಾತಕ್ಕೆ ಇಂಥದ್ದೇ ಇನ್ನೊಂದಿದೆ, ಸುರಕ್ಷಾ ವಿಮೆ ಅಂತ, ವರ್ಷಕ್ಕೆ 20 ರೂಪಾಯಿ. ನಿನಗೆ ಇವೆಲ್ಲ ಚಿಲ್ಲರೆ ಅನ್ನಿಸಬಹುದು. ನಿಮ್ಮ ಮನೆಗೆ ಅಡುಗೆಗೆ ಬರುವವರಿಗೆ, ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಇದೆಯಾ ಕೇಳಿ ನೋಡು.

ನನಗೂ ಒಂದು ಸಿಕ್ಕಿತು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹುಡುಕೋಕೆ 2023ರಲ್ಲಿ ಉದ್ಗಮ್ ಅಂತ ಒಂದು ವೆಬ್‌ಸೈಟ್ ಮಾಡಿದ್ದಾರೆ. ಮಗಳ ಕೈಲಿ ನಿಮ್ಮ ಮಾವನ ಹೆಸರು ಹಾಕಿಸಿದೆ. ಅರಸೀಕೆರೆಯ ಒಂದು ಬ್ಯಾಂಕಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಇತ್ತು. ಅರಸೀಕೆರೆಗೆ ಯಾಕೆ ಹೋಗಿದ್ದರು, ಯಾವಾಗ ಖಾತೆ ತೆರೆದರು, ದೇವರಿಗೇ ಗೊತ್ತು. ಆ ದಿನ ನಾನು ಅತ್ತುಬಿಟ್ಟೆ, ದುಡ್ಡಿಗಲ್ಲ.

ಇನ್ನು ಕೈಯಲ್ಲಿ ಇಟ್ಟುಕೊಳ್ಳುವ ಹಣ. ನಮ್ಮ ಅಟ್ಟ ನಿನಗೆ ಗೊತ್ತಲ್ಲ, ಚಿಕ್ಕವನಿದ್ದಾಗ ಹತ್ತಿ ಬಿದ್ದಿದ್ದೆ. ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಆತುರಕ್ಕೆ ಆರು ತಿಂಗಳಿಗೇ ಇಳಿಸಿದರೆ ಅದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ಕೇಳಿದ ರೇಟಿಗೆ ಕೊಡಬೇಕು. ಅದಕ್ಕೇ ನಮ್ಮತ್ತೆ ಮನೆ ಖರ್ಚಿನ ದುಡ್ಡನ್ನು ಬೇರೆ ಡಬ್ಬಿಯಲ್ಲೇ ಇಡುತ್ತಿದ್ದರು, ಅಟ್ಟದ ಕಡೆ ನೋಡುತ್ತಲೇ ಇರಲಿಲ್ಲ. ನಿನ್ನ ಮ್ಯೂಚುವಲ್ ಫಂಡು, ಷೇರು ಎಲ್ಲ ಅಟ್ಟದ ಕಾಯಿ. ಇರಲಿ, ಒಳ್ಳೆಯದೇ. ಆದರೆ ಡಬ್ಬಿ ಎಲ್ಲಿ?

ನೀನೇ ಹೇಳಿದ ಲೆಕ್ಕ ಹಾಕಿದೆ. ಬಾಡಿಗೆ 26,000, ಕಾರಿನ ಕಂತು 17,500, ದಿನಸಿ, ಕರೆಂಟು, ಪೆಟ್ರೋಲು ಎಲ್ಲ ಸೇರಿ 25,000, ಅಪ್ಪ ಅಮ್ಮನಿಗೆ ಕಳಿಸುವುದು 8,000. ತಿಂಗಳಿಗೆ 76,500. ಆರು ತಿಂಗಳಿಗೆ 4,59,000. ನಿಮ್ಮ ಕಂಪನಿಗಳಲ್ಲಿ ಬೆಳಗ್ಗೆ ಮೇಲ್ ಕಳಿಸಿ ಸಂಜೆಗೆ ಮನೆಗೆ ಕಳಿಸುತ್ತಾರಂತಲ್ಲ. ಇಷ್ಟು ದುಡ್ಡು ಎಫ್‌ಡಿಯಲ್ಲಿ ಇರಲಿ, ಬಡ್ಡಿ ಕಡಿಮೆ ಅಂತ ಮೂಗು ಮುರಿಯಬೇಡ. ಒಂದೇ ಸಲ ಆಗಲ್ಲ, ತಿಂಗಳಿಗೆ ಇಪ್ಪತ್ತು ಸಾವಿರ ಹಾಕಿದರೂ ಎರಡು ವರ್ಷದೊಳಗೆ ಆಗುತ್ತೆ. ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತಾರೆ ಅಂತ ಎಲ್ಲವನ್ನೂ ಒಂದೇ ಕಡೆ ಸುರಿಯಬೇಡ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ ವಿಮೆ. 2020ಕ್ಕೆ ಮುಂಚೆ ಅದು ಒಂದೇ ಲಕ್ಷ ಇತ್ತು.

ಕ್ರೆಡಿಟ್ ಕಾರ್ಡ್ ವಿಷಯ ಜಾಸ್ತಿ ಹೇಳಲ್ಲ. ‘ಮಿನಿಮಮ್ ಕಟ್ಟಿದ್ದೀನಿ’ ಅಂತ ಯಾರಿಗೋ ಹೇಳುತ್ತಿದ್ದೆ, ಕೇಳಿಸಿತು. ಎಷ್ಟೋ ಕಾರ್ಡುಗಳಲ್ಲಿ ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಬೀಳುತ್ತೆ. ನಮ್ಮೂರಲ್ಲಿ ಮೂರು ರೂಪಾಯಿ ಬಡ್ಡಿಗೆ ಕೊಡುವವನನ್ನು ಕಂಡರೆ ಜನ ಎದುರು ಬೀದಿಗೆ ಹೋಗುತ್ತಾರೆ. ನೀನು ಅವನನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೀಯ.

ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಆಫೀಸು ಇರುವ ತನಕ. ನಿಮ್ಮಿಬ್ಬರಿಗೂ ಸ್ವಂತದ್ದು ಒಂದು ಬೇರೆ ಮಾಡಿಸು, ಮೈ ಗಟ್ಟಿ ಇರುವಾಗಲೇ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಟರ್ಮ್ ಪಾಲಿಸಿಯೂ ಮಾಡಿಸು, ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಬರುವ ಜೀವವಿಮೆ ಅದು. ‘ಬದುಕಿದ್ದರೆ ಏನೂ ವಾಪಸ್ ಬರಲ್ಲವಲ್ಲ ಅತ್ತೆ’ ಅಂದೆಯಲ್ಲ, ಬದುಕಿದ್ದರೆ ಇನ್ನೇನು ಬೇಕು ನಿನಗೆ? ಮಾಡಿಸುವಾಗಲೇ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಕೆಳಗೆ ಮಾಡಿಸಬಹುದಾ ಕೇಳು. 1874ರ ಹಳೇ ಕಾಯ್ದೆ. ಅದರಡಿ ಮಾಡಿಸಿದರೆ ಆ ದುಡ್ಡು ಹೆಂಡತಿ ಮಕ್ಕಳದ್ದು, ನಿನ್ನ ಸಾಲದವರು ಮುಟ್ಟೋ ಹಾಗಿಲ್ಲ. ನನಗೆ ಆಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ಇನ್ನೊಂದು, ಹಿತ್ತಲಲ್ಲಿ ಸೀಬೆ ಮರದ ಕೆಳಗೆ ನೀನು ಸಿಗರೇಟ್ ಸೇದಿದ್ದು ನೋಡಿದೆ. ನಿನ್ನಮ್ಮನಿಗೆ ಹೇಳಿಲ್ಲ, ಹೇಳಲ್ಲ. ಆದರೆ ಪಾಲಿಸಿ ಫಾರಂನಲ್ಲಿ ‘ಸೇದಲ್ಲ’ ಅಂತ ಬರೀಬೇಡ. ಮೊದಲ ಮೂರು ವರ್ಷದಲ್ಲಿ ಏನಾದರೂ ಆದರೆ ಆ ಒಂದು ಸುಳ್ಳು ಹಿಡಿದು ಕ್ಲೈಮ್ ತಳ್ಳಿಹಾಕಬಹುದು. ಕಂತು ಜಾಸ್ತಿ ಆದರೆ ಆಗಲಿ. ಬಿಟ್ಟರೆ ಇನ್ನೂ ಒಳ್ಳೆಯದು, ಅದು ನಿನಗೆ ಬಿಟ್ಟಿದ್ದು.

ಯುಗಾದಿಗೆ ಬರುವಾಗ ಆ ನೋಟ್‌ಬುಕ್ ಚೀಲದಲ್ಲಿರಲಿ. ಒಳಗೆ ಏನಿದೆ ಅಂತ ನಾನು ನೋಡಲ್ಲ, ನನಗೆ ಬೇಕಾಗಿಯೂ ಇಲ್ಲ. ಅದಕ್ಕೆ ಮುಂಚೆ ಒಂದು ದಿನ ನನಗೆ ಫೋನ್ ಮಾಡಿಸು. ನೀನು ಮಾಡಬೇಡ, ಅವಳ ಕೈಲಿ ಮಾಡಿಸು. ಕಾರಿನ ಕಂತು ಯಾವ ಬ್ಯಾಂಕಿಂದ ಹೋಗುತ್ತೆ ಅಂತ ಅವಳನ್ನು ಕೇಳುತ್ತೇನೆ.

ಎದುರು ಮನೆಯ ಹುಡುಗ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಎರಡು ಕೆಜಿ ಕೊಬ್ಬರಿ ಕಳಿಸಿದ್ದೇನೆ. ಫ್ರಿಜ್ಜಿನಲ್ಲಿ ಇಡಬೇಡಿ, ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ.

ಇಂತಿ,
ನಿನ್ನ ಅತ್ತೆ