ಹೊಸ ಟ್ರಿಗರ್ ಹಾಕಿಸಿದವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಏರ್ ಪಿಸ್ತೂಲಿಗೆ ಬೇರೆ ಕಂಪನಿಯ ಟ್ರಿಗರ್ ಹಾಕಿಸಿಕೊಂಡವರು ಬರುವ ಭಾನುವಾರ ಬೆಳಿಗ್ಗೆ 8 ಗಂಟೆಗೆ ಧಾರವಾಡದ ನಮ್ಮ ಶೂಟಿಂಗ್ ರೇಂಜಿಗೆ ಆ ಪಿಸ್ತೂಲನ್ನು ಟ್ರಿಗರ್ ಪರೀಕ್ಷೆಗಾಗಿ ತಪ್ಪದೆ ತರಬೇಕು.

10 ಮೀಟರ್ ಸ್ಪರ್ಧೆಯ ನಿಯಮದಂತೆ, ನಳಿಕೆಯನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು ಟ್ರಿಗರಿಗೆ 500 ಗ್ರಾಂ ತೂಕವನ್ನು ತೂಗುಹಾಕಿ ಮೇಲೆತ್ತಿದಾಗ ಟ್ರಿಗರ್ ಬಿಟ್ಟುಕೊಳ್ಳಬಾರದು. ಕಳೆದ ವಾರ ನನ್ನದೇ ಹೊಸ ಟ್ರಿಗರ್, ತೂಕ ಹೊಂದಿಸುವ ಸ್ಕ್ರೂ ಕಾಲು ಸುತ್ತು ಸಡಿಲಗೊಂಡಿದ್ದರಿಂದ, ತೂಕ ಮೇಜನ್ನು ಬಿಡುವ ಮೊದಲೇ ‘ಟಕ್’ ಎಂದಿತು. ಸ್ಪರ್ಧೆಯ ದಿನ ಹೀಗಾಗಿದ್ದರೆ ಮುಖ ಎಲ್ಲಿಡಬೇಕಿತ್ತೋ!

ಪೆಲೆಟ್ (ಚಿಕ್ಕ ಗುಂಡು) ತೆಗೆದು, ನಳಿಕೆಯೊಳಗೆ ಸುರಕ್ಷತಾ ದಾರ ತೂರಿಸಿ, ಪೆಟ್ಟಿಗೆಯಲ್ಲಿಟ್ಟೇ ತನ್ನಿರಿ. ಬಿಚ್ಚಿದ ಹಳೆಯ ಟ್ರಿಗರ್ ಹಾಗೂ ಅಲೆನ್ ಕೀ ಜೊತೆಗಿರಲಿ. ಲೈಸೆನ್ಸ್ ಬೇಕಾಗುವ, ಮದ್ದುಗುಂಡಿನ ಪಿಸ್ತೂಲುಗಳಿಗೆ ಈ ಸೂಚನೆ ಅನ್ವಯಿಸುವುದಿಲ್ಲ. ಅವುಗಳ ಟ್ರಿಗರನ್ನು ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿರಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕೆಂದು ವಿನಂತಿ.