ಶೇ 50 ದೌರ್ಬಲ್ಯವೆಂದರೆ ಅರ್ಧ ಕಿವಿ ಹೋಯಿತೆಂದಲ್ಲ

ಮಾನ್ಯ ಸಂಪಾದಕರೆ,

ತಲೆಸುತ್ತಿನ ಕಾರಣ ಹುಡುಕಲು, ಕಿವಿಗೆ ಬಿಸಿ ಮತ್ತು ತಂಪು ನೀರು ಹರಿಸಿ ನಡೆಸುವ ಕ್ಯಾಲೋರಿಕ್ ಪರೀಕ್ಷೆ ಮಾಡಿಸಿಕೊಂಡವರು, ವರದಿಯಲ್ಲಿ ‘ಬಲಗಿವಿಯಲ್ಲಿ ಶೇ 50 ದೌರ್ಬಲ್ಯ’ ಎಂಬ ಸಾಲನ್ನು ಓದಿದೊಡನೆ ಆ ಕಿವಿ ಅರ್ಧದಷ್ಟು ಹಾಳಾಗಿದೆಯೆಂದು ಗಾಬರಿಗೊಳ್ಳುವುದನ್ನು ಸಮತೋಲನ ಪರೀಕ್ಷೆಗಳನ್ನು ನಡೆಸುವ ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಈ ತಪ್ಪು ತಿಳಿವಳಿಕೆಯಿಂದ ಕೆಲವರು ಅನಗತ್ಯವಾಗಿ ನೊಂದರೆ, ನಿಜವಾಗಿ ತೊಂದರೆಯಿರುವ ಇನ್ನು ಕೆಲವರು ‘ಎಲ್ಲ ಸರಿಯಿದೆ’ ಎನಿಸಿಕೊಂಡು ಮನೆಗೆ ಮರಳುತ್ತಾರೆ. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ.

ಕಿವಿಯೊಳಗೆ ಹರಿಸಿದ ನೀರಿನ ಬಿಸಿ ಅಥವಾ ತಂಪಿನಿಂದ, ದೇಹದ ಸಮತೋಲನ ಕಾಯುವ ಒಳಗಿವಿಯ ದ್ರವ ಚಲಿಸಿ, ಕಣ್ಣುಗುಡ್ಡೆಗಳು ಒಂದು ಕಡೆಗೆ ನಿಧಾನವಾಗಿ ಸರಿದು ಥಟ್ಟನೆ ಹಿಂದಿರುಗತೊಡಗುತ್ತವೆ. ಇದನ್ನು ವಿವರಿಸಿದ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು. ಇಂದು ಬಳಕೆಯಲ್ಲಿರುವ ಕ್ರಮ 1942ರಲ್ಲಿ ಫಿಟ್ಜ್‌ಜೆರಾಲ್ಡ್ ಮತ್ತು ಹಾಲ್‌ಪೈಕ್ ರೂಪಿಸಿದ್ದು: ದೇಹದ ಉಷ್ಣತೆಗಿಂತ 7 ಡಿಗ್ರಿ ಕಡಿಮೆಯ 30 ಡಿಗ್ರಿ ಸೆಲ್ಸಿಯಸ್ ಮತ್ತು 7 ಡಿಗ್ರಿ ಹೆಚ್ಚಿನ 44 ಡಿಗ್ರಿ ಸೆಲ್ಸಿಯಸ್ ನೀರನ್ನು ಎರಡೂ ಕಿವಿಗಳಿಗೆ ಒಂದೊಂದಾಗಿ ಹರಿಸುವುದು. ಈಗ ಪ್ರತಿ ಸಲವೂ ಕಣ್ಣಿನ ನಿಧಾನ ಸರಿತದ ಗರಿಷ್ಠ ವೇಗವನ್ನು ಅಳೆಯುತ್ತಾರೆ. ಹೀಗೆ ನಾಲ್ಕು ಅಳತೆಗಳು ದೊರೆಯುತ್ತವೆ.

ವರದಿಯ ಶೇಕಡಾ ಈ ನಾಲ್ಕರಿಂದ ಹುಟ್ಟುತ್ತದೆ. ಪ್ರತಿ ಕಿವಿಯ ಬಿಸಿ ಮತ್ತು ತಂಪಿನ ಅಳತೆಗಳನ್ನು ಕೂಡಿಸಿ, ಎರಡು ಕಿವಿಗಳ ಮೊತ್ತಗಳ ನಡುವಿನ ವ್ಯತ್ಯಾಸವನ್ನು ನಾಲ್ಕರ ಒಟ್ಟು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ಬಲಗಿವಿಯ ಮೊತ್ತ ಸೆಕೆಂಡಿಗೆ 10 ಡಿಗ್ರಿ, ಎಡಗಿವಿಯದು 30 ಡಿಗ್ರಿ ಇದ್ದರೆ ವ್ಯತ್ಯಾಸ 20, ಒಟ್ಟು 40, ಉತ್ತರ ಶೇ 50. ಇಲ್ಲಿ ಬಲಗಿವಿಯ ಪ್ರತಿಕ್ರಿಯೆ ಎಡಗಿವಿಯದರ ಮೂರನೆಯ ಒಂದು ಭಾಗ ಮಾತ್ರ, ಅರ್ಧವಲ್ಲ. ಅನೇಕ ಪ್ರಯೋಗಾಲಯಗಳು ಸಹಜ ಮತ್ತು ದುರ್ಬಲಗಳ ನಡುವಿನ ಗಡಿಯಾಗಿ ಇಟ್ಟುಕೊಂಡಿರುವ ಶೇ 25ರಲ್ಲಿಯೂ ದುರ್ಬಲ ಕಿವಿ ಇನ್ನೊಂದರ ಶೇ 60ರಷ್ಟು ಪ್ರತಿಕ್ರಿಯಿಸುತ್ತಿರುತ್ತದೆ. ಈ ಸಂಖ್ಯೆ ಒಂದು ಕಿವಿಯನ್ನು ಇನ್ನೊಂದರೊಡನೆ ಹೋಲಿಸುತ್ತದೆಯೇ ಹೊರತು ಆ ಕಿವಿಯ ಸ್ವಂತ ಶಕ್ತಿಯನ್ನು ಅಳೆಯುವುದಿಲ್ಲ.

ಆದ್ದರಿಂದಲೇ ಎರಡೂ ಕಿವಿಗಳು ಸಮನಾಗಿ ದುರ್ಬಲವಾದಾಗ ಶೇಕಡಾ ಮೋಸ ಮಾಡುತ್ತದೆ. ಎರಡೂ ಕಡೆಯ ಮೊತ್ತ ತಲಾ 4 ಡಿಗ್ರಿಯಾದರೆ ವ್ಯತ್ಯಾಸ ಸೊನ್ನೆ, ವರದಿಯಲ್ಲಿ ‘ದೌರ್ಬಲ್ಯ ಶೇ 0’ ಎಂದೇ ಬರುತ್ತದೆ. ಒಳಗಿವಿಗೆ ಹಾನಿ ಮಾಡಬಲ್ಲ ಜೆಂಟಾಮೈಸಿನ್ ಎಂಬ ಪ್ರತಿಜೀವಕದ ಚುಚ್ಚುಮದ್ದಿನ ನಂತರ ಕತ್ತಲಲ್ಲಿ ತೂರಾಡುವ, ನಡೆಯುವಾಗ ಕಣ್ಣೆದುರಿನ ದೃಶ್ಯವೆಲ್ಲ ಕುಣಿಯುವಂತೆ ಕಾಣುವ ರೋಗಿಯ ಪಾಲಿಗೆ ಈ ಸೊನ್ನೆ ಅನ್ಯಾಯದ ಉತ್ತರ. ಬಿಸಿ ಮತ್ತು ತಂಪಿನ ಪ್ರತಿಕ್ರಿಯೆಗಳ ಮೊತ್ತ ಎರಡೂ ಕಡೆ ಸೆಕೆಂಡಿಗೆ 6 ಡಿಗ್ರಿಗಿಂತ ಕಡಿಮೆಯಿರುವುದು ಉಭಯ ಕಿವಿಗಳ ಸಮತೋಲನ ನಷ್ಟವನ್ನು ಗುರುತಿಸುವ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಒಂದು. ಮೂಲ ಅಳತೆಗಳನ್ನು ಕಾಣಿಸದ ವರದಿಯಿಂದ ಇದನ್ನು ಯಾರೂ ಕಂಡುಹಿಡಿಯಲಾರರು.

ಅಳತೆಗಳು ನಂಬಲರ್ಹವಾಗಿರಬೇಕೆಂಬುದೂ ಅಷ್ಟೇ ಮುಖ್ಯ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ, ತಲೆಸುತ್ತಿನ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಮೊದಲೇ ನಿಲ್ಲಿಸದಿದ್ದರೆ, ಪರೀಕ್ಷೆಯ ವೇಳೆ ರೋಗಿಗೆ ತೂಕಡಿಕೆ ಬಂದರೆ ಅಥವಾ ಕಣ್ಣು ಬೆಳಕಿನ ಚುಕ್ಕೆಯೊಂದರಲ್ಲಿ ನೆಟ್ಟರೆ ಪ್ರತಿಕ್ರಿಯೆ ಕುಗ್ಗಿ ಕಾಣುತ್ತದೆ. ನಾವು ಕತ್ತಲಲ್ಲಿ ರೋಗಿಯಿಂದ ಲೆಕ್ಕ ಮಾಡಿಸುವುದು, ಹೆಸರುಗಳನ್ನು ಹೇಳಿಸುವುದು ಇದೇ ಕಾರಣಕ್ಕೆ.

ಇನ್ನು, ಈ ಪರೀಕ್ಷೆ ಮುಟ್ಟುವುದು ತಲೆ ತಿರುಗಿದ್ದನ್ನು ಅರಿಯುವ, ಪ್ರತಿ ಕಿವಿಯ ಮೂರು ಅರ್ಧವೃತ್ತ ನಾಳಗಳಲ್ಲಿ ಮುಖ್ಯವಾಗಿ ಅಡ್ಡ ನಾಳವನ್ನು, ಅದೂ ತಲೆಯ ಅತಿ ನಿಧಾನದ ಚಲನೆಗೆ ಹೋಲುವ ಪ್ರಚೋದನೆಯಿಂದ. ವೇಗದ ಚಲನೆಯನ್ನು ಪರೀಕ್ಷಿಸಲು ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣಿನ ಚಲನೆಯನ್ನು ಕ್ಯಾಮೆರಾದಲ್ಲಿ ದಾಖಲಿಸುವ ಬೇರೆ ವಿಧಾನವಿದೆ. ಒಳಗಿವಿಯ ತೊಂದರೆಯಾದ ಮೆನಿಯೆರ್ ಕಾಯಿಲೆಯಲ್ಲಿ ಕ್ಯಾಲೋರಿಕ್ ಉತ್ತರ ಕುಗ್ಗಿದ್ದರೂ ತಲೆ ತಿರುಗಿಸುವ ಆ ಪರೀಕ್ಷೆ ಸರಿಯಾಗಿಯೇ ಬರುವುದು ಸಾಮಾನ್ಯ. ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತಿನಲ್ಲಿ ಕ್ಯಾಲೋರಿಕ್ ವರದಿ ಬಹುಮಟ್ಟಿಗೆ ಸಹಜವಾಗಿರುತ್ತದೆ. ಎಂದೋ ಆದ ಸಮತೋಲನ ನರದ ಉರಿಯೂತದಿಂದ ಉಳಿದ ದೌರ್ಬಲ್ಯಕ್ಕೆ ಮಿದುಳು ಹೊಂದಿಕೊಂಡಿದ್ದರೆ, ಇಂದಿನ ತಲೆಸುತ್ತಿಗೆ ಕಾರಣ ಬೇರೆಡೆ ಇರಬಹುದು.

ಆದಕಾರಣ ನನ್ನ ವಿನಂತಿ ಇಷ್ಟೆ: ಪ್ರಯೋಗಾಲಯಗಳು ಶೇಕಡಾದ ಪಕ್ಕದಲ್ಲಿಯೇ ನಾಲ್ಕೂ ಅಳತೆಗಳನ್ನು ಮತ್ತು ತಾವು ಅನುಸರಿಸುವ ಗಡಿಯನ್ನು ಮುದ್ರಿಸಲಿ. ರೋಗಿಗಳು ವರದಿಯಲ್ಲಿ ಅವು ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ ಪಡೆದು, ತಮ್ಮ ವೈದ್ಯರ ಮುಂದಿಡಲಿ.

ಇತಿ ತಮ್ಮ ವಿಶ್ವಾಸಿ,
ಶ್ರವಣ ಮತ್ತು ಸಮತೋಲನ ಪರೀಕ್ಷಾ ತಜ್ಞೆ