ಜೋಡಿ ಫೋಟೊದ ಅಂಚಿಗೆ ಕತ್ತರಿ ಹಾಕುವ ಮುನ್ನ

ಸಂಪಾದಕರಿಗೆ ನಮಸ್ಕಾರ,

ಸ್ಟೀರಿಯೊ ಫೋಟೊ, ಅಂದರೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಅಂತ ಪಕ್ಕಪಕ್ಕ ಹಾಕುವ ಜೋಡಿ ಚಿತ್ರ, ಪತ್ರಿಕೆಯಲ್ಲಿ ಕಂಡಾಗಲೆಲ್ಲ ನಾನು ಮೊದಲು ನೋಡುವುದು ಅದರ ಅಂಚನ್ನು. ಮಧ್ಯದಲ್ಲಿ ಏನಿದೆ ಅನ್ನೋದು ಆಮೇಲೆ. ಅಂಥ ಚಿತ್ರದಲ್ಲಿ ಆಳ ಕಾಣುತ್ತದೋ, ಇಲ್ಲ ಕಣ್ಣು ನೋಯುತ್ತದೋ ಎನ್ನುವುದು ಬಹುಪಾಲು ಅಂಚಿನಲ್ಲೇ ತೀರ್ಮಾನವಾಗುತ್ತದೆ. ಕ್ಯಾಮೆರಾ, ಲೆನ್ಸ್ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತವೆ, ಚೌಕಟ್ಟಿನ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಪುಟದಲ್ಲಿ ಜಾಗ ಸಾಲಲಿಲ್ಲ ಅಂತ ಎರಡು ಚಿತ್ರಗಳನ್ನೂ ಅಂದಾಜಿನ ಮೇಲೆ ಬೇರೆ ಬೇರೆಯಾಗಿ ಕ್ರಾಪ್ ಮಾಡಿಬಿಟ್ಟರೆ, ಫೋಟೊ ತೆಗೆದವರ ಶ್ರಮವೆಲ್ಲ ಹೋಯ್ತು. ಅದಕ್ಕೇ ಈ ಪತ್ರ.

ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಮುಂದೆ ಒಂದು ಹೂಕುಂಡ, ಸ್ವಲ್ಪ ಹಿಂದೆ ಒಂದು ಕುರ್ಚಿ, ಅದರ ಹಿಂದೆ ಗೋಡೆ ಇರುವ ಒಂದು ಜೋಡಿ ಚಿತ್ರ ತೆಗೆದುಕೊಳ್ಳಿ. ಕಪ್ಪು ರಟ್ಟಿನ ಎರಡು ತುಂಡುಗಳಲ್ಲಿ ಒಂದೇ ಅಳತೆಯ ಒಂದೊಂದು ಕಿಂಡಿ ಕತ್ತರಿಸಿ. ಕಿಂಡಿ ಫೋಟೊಗಿಂತ ಕೊಂಚ ಸಣ್ಣದಿರಲಿ. ಎರಡು ಚಿತ್ರಗಳ ಮೇಲೂ ಒಂದೊಂದು ರಟ್ಟು ಇಟ್ಟು, ಎಡಗಣ್ಣು ಎಡ ಚಿತ್ರವನ್ನು, ಬಲಗಣ್ಣು ಬಲ ಚಿತ್ರವನ್ನು ನೋಡುವ ಹಾಗೆ, ಎರಡೂ ಕೂಡಿ ಒಂದೇ ಚಿತ್ರವಾಗಿ ಕಾಣುವವರೆಗೆ ನೋಡಿ. ಈಗ ಫೋಟೊಗಳನ್ನು ಅಲುಗಾಡಿಸದೆ ರಟ್ಟುಗಳನ್ನು ಮಾತ್ರ ಒಂದೆರಡು ಮಿಲಿಮೀಟರ್ ಹತ್ತಿರಕ್ಕೆ ಸರಿಸಿ. ಚೌಕಟ್ಟು ನಿಮ್ಮ ಕಡೆಗೆ ಬರುತ್ತದೆ. ಕುಂಡ, ಕುರ್ಚಿ, ಗೋಡೆ ಮೂರೂ ಅದರ ಹಿಂದಕ್ಕೆ ಹೋಗಿ, ಕಿಟಕಿಯಾಚೆ ಒಂದು ಕೋಣೆ ಇದ್ದಂತೆ ಕಾಣುತ್ತದೆ. ರಟ್ಟುಗಳನ್ನು ದೂರ ಸರಿಸಿದರೆ ಇದು ಉಲ್ಟಾ: ಚೌಕಟ್ಟು ಹಿಂದೆ ಸರಿದು ಕುಂಡ ಅದನ್ನು ದಾಟಿ ಈಚೆ ಬರುತ್ತದೆ.

ಫೋಟೊದಲ್ಲಿ ಒಂದು ಚುಕ್ಕಿಯೂ ಬದಲಾಗಿಲ್ಲ ನೋಡಿ. ಕುಂಡಕ್ಕೂ ಕುರ್ಚಿಗೂ ನಡುವೆ ಇದ್ದ ವ್ಯತ್ಯಾಸ ಹಾಗೇ ಇದೆ. ಬದಲಾದದ್ದು ಚೌಕಟ್ಟಿನ ಜಾಗ ಮಾತ್ರ. ಆದರೂ ನೋಡುವವರಿಗೆ ಅದು ಬೇರೆಯದೇ ದೃಶ್ಯ. ಎರಡು ಚಿತ್ರಗಳಲ್ಲಿರುವ ಕುಂಡವನ್ನು ಮೆದುಳು ಹೇಗೆ ಹೋಲಿಸಿ ದೂರ ಅಳೆಯುತ್ತದೋ, ಎರಡು ಚೌಕಟ್ಟುಗಳ ಅಂಚನ್ನೂ ಹಾಗೇ ಹೋಲಿಸಿ ಅದಕ್ಕೂ ಒಂದು ದೂರ ಕೊಟ್ಟುಬಿಡುತ್ತದೆ. ಉಳಿದದ್ದೆಲ್ಲ ಅದರ ಮುಂದೆಯೋ ಹಿಂದೆಯೋ ಅಂತ ಲೆಕ್ಕಕ್ಕೆ ಬರುತ್ತದೆ.

ಈಗ ತೊಂದರೆ ಎಲ್ಲಿ ಅಂತ ಹೇಳ್ತೀನಿ. ಎಡ ಅಂಚಿನಿಂದ ಒಂದು ಕೊಂಬೆ ಚಿತ್ರದೊಳಗೆ ಚಾಚಿದೆ ಅಂದುಕೊಳ್ಳಿ. ಎರಡು ಕಣ್ಣುಗಳ ಲೆಕ್ಕದಲ್ಲಿ ಅದು ಚೌಕಟ್ಟಿಗಿಂತ ಈಚೆ ಇದೆ. ಆದರೆ ಅಂಚು ಅದನ್ನು ಕತ್ತರಿಸಿದೆ, ಅಂದಮೇಲೆ ಚೌಕಟ್ಟೇ ಅದನ್ನು ಮರೆಮಾಡಿದೆ, ಅಂದಮೇಲೆ ಕೊಂಬೆ ಹಿಂದೆ ಇರಬೇಕು ಅಲ್ವಾ? ಈಚೆಗಿರುವ ವಸ್ತುವನ್ನು ಹಿಂದಿರುವುದು ಮರೆಮಾಡುವುದು ಹೇಗೆ? ಮೆದುಳಿಗೆ ಇದು ಬಗೆಹರಿಯುವುದಿಲ್ಲ. ಕೊಂಬೆ ಅದುರಿದಂತಾಗುತ್ತದೆ, ಚಪ್ಪಟೆಯಾಗುತ್ತದೆ, ಆಳ ಅಲ್ಲೇ ಕುಸಿಯುತ್ತದೆ. ತಲೆನೋವು ಅಂತ ಜನ ಚಿತ್ರವನ್ನು ಪಕ್ಕಕ್ಕಿಡುವುದಕ್ಕೆ ಇದೂ ಒಂದು ಕಾರಣ. ಮೇಲಿನ, ಕೆಳಗಿನ ಅಂಚು ಕತ್ತರಿಸಿದರೆ ಇಷ್ಟು ಬಾಧೆಯಿಲ್ಲ, ಕಣ್ಣುಗಳು ಹೋಲಿಸುವುದು ಎಡ-ಬಲದ ವ್ಯತ್ಯಾಸವನ್ನು ತಾನೇ. ಹಾಗೇ ಕುಂಡ ಪೂರ್ತಿಯಾಗಿ ಚೌಕಟ್ಟಿನೊಳಗೇ ಇದ್ದು, ಯಾವ ಅಂಚಿಗೂ ತಗಲದೆ ಈಚೆ ಬಂದರೆ ಏನೂ ತಪ್ಪಿಲ್ಲ. ಕೈಚಾಚಿ ಮುಟ್ಟೋಣ ಅನ್ನಿಸುವಂಥ ಆಳ ಸಿಗುವುದೇ ಆಗ.

ಸರಿಪಡಿಸುವುದು ಕಷ್ಟವೇನಲ್ಲ. ಎಡ ಚಿತ್ರದ ಎಡ ಅಂಚಿನಿಂದ ಒಂದು ಪಟ್ಟಿ, ಬಲ ಚಿತ್ರದ ಬಲ ಅಂಚಿನಿಂದ ಅಷ್ಟೇ ಅಗಲದ ಒಂದು ಪಟ್ಟಿ ಕತ್ತರಿಸಿ. ಚಿತ್ರವಿಡೀ ಚೌಕಟ್ಟಿನ ಹಿಂದಕ್ಕೆ ಹೋಗುತ್ತದೆ. ಅದಲುಬದಲು ಮಾಡಿ ಕತ್ತರಿಸಿದರೆ ಮುಂದಕ್ಕೆ ನುಗ್ಗುತ್ತದೆ. ನೆನಪಿಡುವುದಕ್ಕೆ ಸುಮ್ನೆ ಒಂದು ಕಿಟಕಿಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ: ಕಿಟಕಿಯ ಎಡ ಅಂಚಿನಲ್ಲಿ ಹೊರಗಿನ ದೃಶ್ಯ ಬಲಗಣ್ಣಿಗೆ ಜಾಸ್ತಿ ಕಾಣುತ್ತದೆ, ಬಲ ಅಂಚಿನಲ್ಲಿ ಎಡಗಣ್ಣಿಗೆ. ಜೋಡಿ ಚಿತ್ರದಲ್ಲೂ ಹಾಗಿದ್ದರೆ ಕತ್ತರಿಸಿದ್ದು ಸರಿಯಾಗಿದೆ.

ಇದು ಹೊಸ ವಿದ್ಯೆಯೂ ಅಲ್ಲ. ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ತನ್ನ ಸ್ಟೀರಿಯೊಸ್ಕೋಪ್ (ಜೋಡಿ ಚಿತ್ರ ನೋಡುವ ಸಾಧನ) ಬಗ್ಗೆ ಬರೆದಾಗ ಕೈಯಲ್ಲಿ ಬಿಡಿಸಿದ ಗೆರೆಚಿತ್ರಗಳಿಂದಲೇ ಆಳ ಹುಟ್ಟಿಸಿ ತೋರಿಸಿದ್ದ. 1947ರಲ್ಲಿ ಬಂದ ಸ್ಟೀರಿಯೊ ರಿಯಲಿಸ್ಟ್ ಕ್ಯಾಮೆರಾದಲ್ಲಿ ಎರಡು ಲೆನ್ಸ್‌ಗಳ ಅಂತರ 70 ಮಿಲಿಮೀಟರ್, ಫಿಲ್ಮಿನ ಮೇಲೆ ಎರಡು ಚೌಕಟ್ಟುಗಳ ಅಂತರ ಬೇಕೆಂದೇ 71 ಮಿಲಿಮೀಟರಿಗೂ ತುಸು ಜಾಸ್ತಿ. ಆ ಒಂದು ಮಿಲಿಮೀಟರಿನ ಆಸುಪಾಸಿನಿಂದಾಗಿ ಸುಮಾರು 2 ಮೀಟರ್‌ಗಿಂತ ದೂರ ಇರುವುದೆಲ್ಲ ತಾನಾಗಿಯೇ ಚೌಕಟ್ಟಿನ ಹಿಂದೆ ನಿಲ್ಲುತ್ತಿತ್ತು. ಎಷ್ಟು ಯೋಚಿಸಿ ಮಾಡಿದ್ದಾರೆ ನೋಡಿ! ಈಗ ಮೊಬೈಲಿನಲ್ಲಿ ಎಡಗಾಲ ಮೇಲೆ ಭಾರ ಹಾಕಿ ಒಂದು, ಬಲಗಾಲಿಗೆ ವಾಲಿ ಇನ್ನೊಂದು ಫೋಟೊ ತೆಗೆದರೂ ಜೋಡಿ ಸಿಗುತ್ತದೆ. ಆದರೆ ಈ ಲೆಕ್ಕವನ್ನು ನಾವೇ ನೋಡಿಕೊಳ್ಳಬೇಕು.

ಹಾಗಾಗಿ ಒಂದು ಕೋರಿಕೆ. ಪುರವಣಿಯಲ್ಲಿ ಒಂದೇ ಜೋಡಿಯನ್ನು ಮೂರು ಸಲ ಅಚ್ಚು ಹಾಕಿ: ಚೌಕಟ್ಟು ಎಲ್ಲಕ್ಕಿಂತ ಮುಂದಿರುವಂತೆ ಒಂದು, ಕುರ್ಚಿಯ ಮಟ್ಟದಲ್ಲಿ ಒಂದು, ಗೋಡೆಯ ಮಟ್ಟದಲ್ಲಿ ಒಂದು. ನಾನು ಎಷ್ಟು ಬರೆದರೂ ಅರ್ಥವಾಗದ್ದು ಓದುಗರಿಗೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಪ್ರತಿ ಚಿತ್ರದ ಅಗಲ 6 ಸೆಂಟಿಮೀಟರ್ ದಾಟದಿರಲಿ. ಬಹಳಷ್ಟು ಜನರ ಕಣ್ಣುಪಾಪೆಗಳ ನಡುವಿನ ಅಂತರ 63 ಮಿಲಿಮೀಟರಿನ ಸುತ್ತಮುತ್ತ ಇರುವುದರಿಂದ, ಎರಡು ಚಿತ್ರಗಳ ನಡುಮಧ್ಯಗಳು ಅದಕ್ಕಿಂತ ದೂರವಾದರೆ ಸ್ಟೀರಿಯೊ ಕನ್ನಡಕವಿಲ್ಲದೆ ಕೂಡಿಸಿ ನೋಡುವುದು ಕಷ್ಟ. ಎಡದ್ದು ಎಡಕ್ಕೇ ಇದೆಯೇ ಅಂತ ಅಚ್ಚಿಗೆ ಹೋಗುವ ಮುಂಚೆ ಇನ್ನೊಮ್ಮೆ ನೋಡಿಬಿಡಿ, ಅದಲುಬದಲಾದರೆ ಗೋಡೆ ಮುಂದೆ ಬಂದು ಕುಂಡ ಹಿಂದೆ ಹೋಗುತ್ತದೆ.

ಇಂತಿ,
ಸ್ಟೀರಿಯೊ ಫೋಟೊ ತೆಗೆಯುವ ಒಬ್ಬ ಓದುಗ